ಬಿರುಕಮ್ಮನಿಗೆ ಪುಕ್ಕಟೆಯೆಂದರೆ ಅನುಮಾನ

ಗಾಜಿನ ಕಾರ್ಖಾನೆಯಲ್ಲಿ ನನ್ನ ಚಿಕ್ಕಮ್ಮನ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತಿತ್ತು. ಉಳಿದ ಹೊತ್ತೆಲ್ಲ ಅವಳು ಬಿರುಕಮ್ಮ. ಕುಲುಮೆಯಿಂದ ಬಂದು ಆರಿದ ಔಷಧಿ ಸೀಸೆಗಳು ಬೆಲ್ಟಿನ ಮೇಲೆ ಸಾಲಾಗಿ ಸಾಗುತ್ತಿದ್ದವು. ಹಿಂದೆ ಬಿಳಿ ದೀಪದ ಪರದೆ, ಮುಂದೆ ಎರಡು ಕುರ್ಚಿ. ಮೊದಲನೆಯದು ಚಿಕ್ಕಮ್ಮನದು. ಸೀಸೆಯ ಬಾಯಲ್ಲಿ ಕೂದಲೆಳೆಯಷ್ಟು ಬಿರುಕು, ಮೈಯಲ್ಲಿ ಗಾಳಿಗುಳ್ಳೆ, ತಳದಲ್ಲಿ ಕರಗದೆ ಉಳಿದ ಮರಳಿನ ಕಣ ಕಂಡರೆ ಎತ್ತಿ ಬುಟ್ಟಿಗೆ ಹಾಕಬೇಕು. ಆ ಕಣಕ್ಕೆ ಅಲ್ಲಿ ಕಲ್ಲು ಎನ್ನುತ್ತಾರೆ. ಮೊಸರಿನಲ್ಲಿ ಕಲ್ಲು ಹುಡುಕುವುದು ಬೇರೆಯವರಿಗೆ ಗಾದೆ, ಅವಳಿಗೆ ಹೆಚ್ಚುಕಡಿಮೆ ಉದ್ಯೋಗ.

ಮನೆಗೆ ಬಂದರೂ ಆ ಕಣ್ಣು ಸುಮ್ಮನಿರುತ್ತಿರಲಿಲ್ಲ. ಅಂಗಡಿಯವನು ನಕ್ಕರೆ ತೂಕದಲ್ಲಿ ಮೋಸ, ನಗದಿದ್ದರೆ ಇನ್ನೂ ದೊಡ್ಡ ಮೋಸ. ಚಿಕ್ಕಪ್ಪ ಹೇಳುತ್ತಿದ್ದರು, ನನ್ನನ್ನೂ ದೀಪಕ್ಕೆ ಹಿಡಿದು ನೋಡಿಯೇ ಒಪ್ಪುತ್ತಿದ್ದಳು, ಹೆಣ್ಣು ನೋಡಲು ಹೋದ ದಿನ ಕರೆಂಟು ಇರಲಿಲ್ಲ, ಅದಕ್ಕೇ ಪಾಸಾದೆ ಎಂದು.

ಅವಳ ಅನುಮಾನ ಚರ್ಚಿನ ಬಾಗಿಲಿನಲ್ಲೂ ನಿಲ್ಲಲಿಲ್ಲ. ರಕ್ಷಣೆ ಎನ್ನುವುದು ಕೃಪೆಯಿಂದ ಮಾತ್ರ, ಯಾವ ಒಳ್ಳೆಯ ಕೆಲಸಕ್ಕೂ ಅದು ಕೂಲಿಯಾಗಿ ಸಿಗುವುದಿಲ್ಲ, ಕ್ರಿಸ್ತನು ನಮ್ಮ ಪಾಲಿನದನ್ನು ಹೊತ್ತು ತೀರಿಸಿದ್ದಾನೆ, ನಾವು ಬರಿಗೈ ಚಾಚಿದರೆ ಸಾಕು ಎಂದು ಪಾಸ್ಟರ್ ಹೇಳುತ್ತಿದ್ದರು. ಇಷ್ಟಕ್ಕೇ ಮುಗಿಯಲಾರದು, ಕೊನೆಗೊಂದು ಷರತ್ತು ಬಂದೇ ಬರುತ್ತದೆ ಎಂದು ಚಿಕ್ಕಮ್ಮ ಕಾಯುತ್ತಿದ್ದಳು. ಮುನ್ನೆಚ್ಚರಿಕೆಗಾಗಿ ಪ್ರತಿ ಶನಿವಾರ ಚರ್ಚಿನ ನೆಲವನ್ನು ಬೆಂಚುಗಳ ಅಡಿಗೆ ನುಗ್ಗಿ ಒರೆಸುತ್ತಿದ್ದಳು. ಒಮ್ಮೆ ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ತಡೆದು ನಿಲ್ಲಿಸಿದಳು.

“ಹಾಗಾದ್ರೆ ಇಷ್ಟು ವರ್ಷ ನಾನು ನೆಲ ಒರೆಸಿದ್ದಕ್ಕೆ ಏನಾಯ್ತು ಪಾಸ್ಟರೇ?”

“ನೆಲ ಸ್ವಚ್ಛ ಆಯ್ತಮ್ಮ.”

ಈ ಉತ್ತರವನ್ನು ಅವಳು ವಾರಗಟ್ಟಲೆ ಮನೆಯಲ್ಲಿ ಬೈದಳು.

ಅದೇ ದಿನಗಳಲ್ಲಿ ಎರಡನೆಯ ಕುರ್ಚಿಗೆ ಗಿಲಕಿ ಬಂದಳು. ಸದಾ ಮಾತಾಡುತ್ತಿದ್ದುದರಿಂದ ಆ ಹೆಸರು. ಪ್ಯಾಕಿಂಗಿನಲ್ಲಿ ಹಾಯಾಗಿದ್ದವಳು ತಾನೇ ಕೇಳಿ ಇಲ್ಲಿಗೆ ಬಂದಿದ್ದಾಳೆ ಎಂದು ತಿಳಿದಾಗ ಚಿಕ್ಕಮ್ಮನ ಕಿವಿ ನೆಟ್ಟಗಾಯಿತು. ಮೊದಲನೆಯವಳ ಕಣ್ಣು ತಪ್ಪಿಸಿದ ಸೀಸೆಯನ್ನು ಹಿಡಿಯುವುದು ಎರಡನೆಯವಳ ಕೆಲಸ. ಅವಳ ಬುಟ್ಟಿ ತುಂಬಿತೆಂದರೆ ಮೊದಲನೆಯವಳು ಕುರುಡಿ ಎಂದರ್ಥ. ಆ ಬೇಸರದ ಜಾಗವನ್ನು ಬೇಡಿ ಪಡೆಯುವವರು ಯಾರು?

ಚಿಕ್ಕಮ್ಮನಿಗೆ ಹೆದರಲು ಕಾರಣವೂ ಇತ್ತು. ಕೆಲವು ತಿಂಗಳಿಂದ ದೀಪದ ಸುತ್ತ ಮಂಜಿನ ಬಳೆಯೊಂದು ಕಾಣುತ್ತಿತ್ತು. ದೀಪ ಹಳೆಯದು ಎಂದು ದೂರಿದಳು, ಹೊಸದು ಹಾಕಿಸಿದರು, ಬಳೆ ಹೋಗಲಿಲ್ಲ. ಕಣ್ಣಿಗೆ ಪೊರೆ ಬಂದಿದೆ ಎಂಬುದು ಅವಳಿಗೆ ಅರ್ಥವಾಗಿತ್ತು, ಚಿಕ್ಕಪ್ಪನಿಗೂ ಹೇಳಿರಲಿಲ್ಲ. ಆ ಕುರ್ಚಿ ಹೋದರೆ ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಗಿಲಕಿ ಕೆಲವು ಸೀಸೆಗಳನ್ನು ಬುಟ್ಟಿಗೆ ಹಾಕುತ್ತಿದ್ದಳು, ಕೆಲವನ್ನು ಕುರ್ಚಿಯ ಅಡಿಯ ಬಟ್ಟೆಚೀಲಕ್ಕೆ ಇಳಿಸುತ್ತಿದ್ದಳು. ಪಾಳಿ ಮುಗಿದಾಗ ಚೀಲ ಹೊತ್ತು ಹಿತ್ತಲ ಬಾಗಿಲಿನಿಂದ ಹೊರಡುತ್ತಿದ್ದಳು. ಚಿಕ್ಕಮ್ಮ ತರ್ಕ ಮಾಡಿದಳು. ಚೀಲದಲ್ಲಿರುವುದು ಒಳ್ಳೆಯ ಸೀಸೆಯಾದರೆ ಇವಳು ಕಳ್ಳಿ. ಒಡಕು ಸೀಸೆಯಾದರೆ ನನ್ನ ವಿರುದ್ಧ ಸಾಕ್ಷಿ ಕೂಡಿಡುತ್ತಿದ್ದಾಳೆ. ಎರಡರಲ್ಲಿ ಯಾವುದೇ ಆಗಲಿ, ಮೊದಲು ಬಾಯಿ ಬಿಟ್ಟವರೇ ಗೆದ್ದಂತೆ. ಅವಳು ನೇರವಾಗಿ ಮೇಸ್ತ್ರಿಯ ಕೋಣೆಗೆ ಹೋಗಿ, ಗಿಲಕಿ ಮಾಲು ಸಾಗಿಸುತ್ತಿದ್ದಾಳೆ ಎಂದು ದೂರು ಕೊಟ್ಟಳು.

ಮೇಸ್ತ್ರಿ ಇಬ್ಬರನ್ನೂ ಕರೆಸಿ ಚೀಲವನ್ನು ಮೇಜಿನ ಮೇಲೆ ಖಾಲಿ ಮಾಡಿಸಿದ. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದ. ಎಲ್ಲದರಲ್ಲೂ ಬಿರುಕು. ಇವನ್ನು ಬುಟ್ಟಿಗೆ ಯಾಕೆ ಹಾಕಲಿಲ್ಲ ಎಂದು ಕೇಳಿದ. ಗಿಲಕಿ ಅವತ್ತು ಮಾತು ಹುಡುಕಿದಳು.

“ಬುಟ್ಟಿ ತುಂಬಿದ್ರೆ ನಿಮಗೆ ಗೊತ್ತಾಗುತ್ತಲ್ಲ. ಅಕ್ಕನಿಗೆ ಕಣ್ಣು ಮಂಜಾಗಿದೆ. ಗೇಟ್ ಹತ್ರ ನನ್ನನ್ನ ಬೇರೆ ಯಾರೋ ಅಂದ್ಕೊಂಡು ಮಾತಾಡಿಸಿದ್ಳು, ಆಗಲೇ ಗೊತ್ತಾಯ್ತು. ಅದಕ್ಕೇ ಪಕ್ಕ ಬಂದು ಕೂತೆ. ಇವನ್ನ ದಿನಾ ಒಡಕು ಗಾಜಿನ ರಾಶಿಗೆ ಹಾಕ್ತೀನಿ, ಕುಲುಮೆಗೆ ಹೋಗುತ್ತೆ. ಬೇಕಾದ್ರೆ ಯಾರನ್ನಾದ್ರೂ ಕೇಳಿ.”

ಮೇಸ್ತ್ರಿ ಇಬ್ಬರಿಗೂ ಸಮನಾಗಿ ಬೈದ. ಅದು ನ್ಯಾಯವೇ ಆಗಿತ್ತು. ಅವು ಔಷಧಿ ಸೀಸೆಗಳು, ಗಿಲಕಿಯ ಕಣ್ಣೂ ಒಮ್ಮೆ ತಪ್ಪಿದ್ದರೆ ಗಾಜಿನ ಚೂರು ಯಾರದೋ ಬಾಯಿಗೆ ಹೋಗುತ್ತಿತ್ತು. ಕಣ್ಣು ಸರಿಯಾಗುವವರೆಗೆ ಚಿಕ್ಕಮ್ಮ ಬೆಲ್ಟಿನ ಹತ್ತಿರ ಬರಬಾರದು, ಮುಚ್ಚಿಟ್ಟ ತಪ್ಪಿಗೆ ಗಿಲಕಿ ಮತ್ತೆ ಪ್ಯಾಕಿಂಗಿಗೆ ಎಂದು ತೀರ್ಮಾನವಾಯಿತು.

ಆಪರೇಷನ್ ಆಯಿತು. ಚಿಕ್ಕಮ್ಮ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಳು. ನೆಲ ಒರೆಸದೆ ಶನಿವಾರ ಕಳೆದದ್ದು ಅವಳಿಗೆ ಕಣ್ಣಿಗಿಂತ ಹೆಚ್ಚು ನೋವು ಕೊಟ್ಟಿತು. ನೋಡಲು ಬಂದ ಪಾಸ್ಟರ್, ಈ ವಾರ ನೀವು ಏನೂ ಮಾಡಿಲ್ಲವಲ್ಲ, ದೇವರ ಪ್ರೀತಿ ಎಷ್ಟು ಕಡಿಮೆಯಾಯಿತು ಎಂದು ನೀವೇ ನೋಡಿ ಹೇಳಿ ಎಂದು ನಕ್ಕು ಹೋದರು. ಅವರು ಹೋದ ಮೇಲೆ ಗಿಲಕಿ ಬಂದಳು, ಕೈಯಲ್ಲಿ ಮುಚ್ಚಿದ ಪಾತ್ರೆ, ಒಳಗೆ ಬಿಸಿ ಊಟ.

ಚಿಕ್ಕಮ್ಮ ಮುಚ್ಚಳ ತೆಗೆಯಲಿಲ್ಲ. “ನಿನ್ನ ಮೇಲೆ ದೂರು ಕೊಟ್ಟಿದ್ದು ನಾನು,” ಎಂದಳು.

“ಗೊತ್ತು, ನಾನೂ ಅಲ್ಲೇ ನಿಂತಿದ್ನಲ್ಲಕ್ಕ.”

“ನಾನು ನಿನಗೆ ಯಾವ ಉಪಕಾರಾನೂ ಮಾಡಿಲ್ಲ.”

“ಎಲ್ಲಿ ಮಾಡಿದೀಯಾ? ನೆಟ್ಟಗೆ ಮಾತೂ ಆಡಿಲ್ಲ.”

“ಮತ್ಯಾಕೆ? ಏನು ಬೇಕು ನಿನಗೆ? ಬಾಯಿಬಿಟ್ಟು ಹೇಳು.”

ಗಿಲಕಿ ಸ್ವಲ್ಪ ಯೋಚಿಸಿದಳು. “ಪಾತ್ರೆ ವಾಪಸ್ ಬೇಕು. ಮನೇಲಿ ಅದೊಂದೇ ದೊಡ್ಡದಿರೋದು.”

ಅವಳು ಹೋದ ಮೇಲೆ ಚಿಕ್ಕಮ್ಮ ಊಟವನ್ನು ಚಮಚದಿಂದ ಕೆದಕಿ ನೋಡಿ, ಆಮೇಲೆ ಎಲ್ಲವನ್ನೂ ತಿಂದಳು. ತೊಂದರೆ ಶುರುವಾದದ್ದು ಪಾತ್ರೆ ತೊಳೆದ ನಂತರ. ಯಾರ ಪಾತ್ರೆಯನ್ನೂ ಅವಳು ಬರಿದಾಗಿ ಹಿಂದಿರುಗಿಸಿದವಳಲ್ಲ. ಮೊಟ್ಟೆ ಇಟ್ಟಳು, ಕಡಿಮೆಯೆನಿಸಿ ತೆಗೆದಳು. ಹಣ್ಣು ತುಂಬಿದಳು, ಇಷ್ಟಕ್ಕೆಲ್ಲ ಮುಯ್ಯಿ ತೀರುವುದೇ ಎನಿಸಿ ಅದನ್ನೂ ತೆಗೆದಳು. ಇನ್ನೊಬ್ಬಳು ಚಿಕ್ಕಮ್ಮನ ತಪ್ಪನ್ನು ದಿನವೂ ಹೆಗಲ ಮೇಲೆ ಹೊತ್ತು ಹೋಗಿ ಸುರಿದು ಬಂದಿದ್ದಕ್ಕೆ ಸಮನಾದದ್ದು ಅಡುಗೆಮನೆಯ ಯಾವ ಡಬ್ಬದಲ್ಲೂ ಇರಲಿಲ್ಲ. ಏನಾದರೂ ಇಟ್ಟರೆ ಸರಿದೂಗಿಸಿದೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಂತೆ ಎಂದು ಅವಳಿಗೆ ಕಂಡಿತು. ಏನು ಇಡುತ್ತೀ ಎಂದು ಚಿಕ್ಕಪ್ಪ ಕೇಳಿದಾಗ, ಏನೂ ಇಲ್ಲ ಎಂದು ಸಿಡುಕಿದಳು.

ಪಟ್ಟಿ ಬಿಚ್ಚಿದ ಮರುದಿನ ಖಾಲಿ ಪಾತ್ರೆ ಹಿಡಿದು ಗಿಲಕಿಯ ಬಾಗಿಲಿನಲ್ಲಿ ಕಳ್ಳಿಯಂತೆ ನಿಂತಳು. ಗಿಲಕಿ ಅದನ್ನು ತೆಗೆದುಕೊಂಡು ಒಳಗೆ ಇಣುಕಿ, ಗೂಡಿನಲ್ಲಿಟ್ಟು, ಪ್ಯಾಕಿಂಗಿನವರ ಸುದ್ದಿ ಶುರುಮಾಡಿದಳು. ಚಿಕ್ಕಮ್ಮ ಅವಳ ಮುಖವನ್ನೇ ಬಹಳ ಹೊತ್ತು ನೋಡಿದಳು. ಬೇಸರವಾಗಲಿ, ಲೆಕ್ಕವಾಗಲಿ ಎಲ್ಲೂ ಕಾಣಲಿಲ್ಲ. ಕಣ್ಣನ್ನು ದೂರುವಂತೆಯೂ ಇರಲಿಲ್ಲ, ಆಪರೇಷನ್ ಚೆನ್ನಾಗಿಯೇ ಆಗಿತ್ತು.