ಖಾರದ ಘಾಟೆಂದು ಕೊಟ್ಟ ಗುಳಿಗೆ

ಚೀಪುವ ಗುಳಿಗೆ ನನ್ನ ಸೊಸೆಯ ಗಂಟಲುನೋವನ್ನು ನಿಲ್ಲಿಸಿದ್ದು ನಿಜ. ರೋಗವನ್ನು ನಿಲ್ಲಿಸಲಿಲ್ಲ. ಅದು ತಿಳಿಯದೆ ಅವಳ ಕೈಗೆ ಒನಕೆ ಕೊಟ್ಟವಳು ನಾನು.

ಎಂಬತ್ತರ ದಶಕದ ಮಾತು. ಆಗ ನಾವು ಮಾದನಹಿಪ್ಪರಗಾದಲ್ಲಿದ್ದೆವು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರು ಕೂಡಿ ವರ್ಷದ ಖಾರ ಕುಟ್ಟುತ್ತಿದ್ದೆವು. ಇವತ್ತು ಅವರು ನಮ್ಮ ಮನೆಗೆ ಬಂದರೆ ನಾಳೆ ನಾವು ಅವರ ಮನೆಗೆ. ಆ ದಿನಗಳಲ್ಲಿ ಯಾರ ಗಂಟಲೂ ನೆಟ್ಟಗಿರುತ್ತಿರಲಿಲ್ಲ. ಅದಕ್ಕೇ ಸೊಸೆ, "ಉಗುಳು ನುಂಗಾಕ ಆಗವಲ್ದು ಅತ್ತಿ" ಎಂದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

"ಖಾರದ ಘಾಟು ಬೇ. ನಿನಗೊಬ್ಬಾಕಿಗೇನು ಬೆಣ್ಣಿ ಗಂಟಲಾ?"

ಅಂಗಡಿಯಿಂದ ಗಂಟಲಿನ ಗುಳಿಗೆ ತಂದುಕೊಟ್ಟೆ. ಕೆಂಪಗೆ, ಪೆಪ್ಪರಮೆಂಟಿನ ಹಾಗಿದ್ದವು. ಒಂದು ಚೀಪುವಷ್ಟರಲ್ಲಿ ಗಂಟಲು ಜೋಮು ಹಿಡಿದು ನೋವೇ ಗೊತ್ತಾಗದಂತಾಯಿತು. ರೊಟ್ಟಿ ಉಂಡಳು, ಒನಕೆ ಹಿಡಿದಳು. ಜೋಮು ಇಳಿದರೆ ಇನ್ನೊಂದು ಗುಳಿಗೆ. ಹೀಗೆ ನಾಲ್ಕು ದಿನ. ಓಣಿಯಲ್ಲೆಲ್ಲ ನಾನೇ ಆ ಗುಳಿಗೆಯನ್ನು ಹೊಗಳಿಕೊಂಡು ತಿರುಗಿದೆ.

ಐದನೆಯ ದಿನ ಮಧ್ಯಾಹ್ನ ನೆರೆಮನೆಯ ಅಂಗಳದಲ್ಲಿ ಅವಳ ಕೈಯಿಂದ ಒನಕೆ ಜಾರಿತು. ಮುಟ್ಟಿದರೆ ಮೈ ಕಾದ ಹಂಚು. ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವಳಂತೆ ಮಾತು. ಜೊಲ್ಲು ಸುರಿಯುತ್ತಿತ್ತು, ಬಾಯಿ ತೆರೆಯಲು ಬರುತ್ತಿರಲಿಲ್ಲ. ಮಗ ಸಿಕ್ಕ ಜೀಪು ಹಿಡಿದು ಆಳಂದದ ಆಸ್ಪತ್ರೆಗೆ ಕರೆದೊಯ್ದ. ನಾನೂ ಹತ್ತಿದೆ.

ಡಾಕ್ಟರು ಹೇಗೋ ಬಾಯಿ ತೆಗೆಸಿ, ನಾಲಿಗೆ ಒತ್ತಿ, ಬ್ಯಾಟರಿ ಬಿಟ್ಟು ನೋಡಿದರು. ಆಮೇಲೆ ನನ್ನನ್ನು ಕರೆದರು.

"ನೋಡ್ರಿ ಯವ್ವಾ."

ಗಂಟಲ ಒಂದು ಮಗ್ಗುಲು ನಿಂಬೆಹಣ್ಣಿನ ಹಾಗೆ ಬಾತು, ಕಿರುನಾಲಿಗೆಯನ್ನು ಆಚೆ ದಬ್ಬಿತ್ತು. ಇಷ್ಟು ದೊಡ್ಡದು ಒಳಗೆ ಬೆಳೆಯುತ್ತಿದ್ದಾಗ ಇವಳು ರೊಟ್ಟಿ ಉಂಡದ್ದಾದರೂ ಹೇಗೆ?

"ಗುಳಿಗಿ ಚೀಪಿದ ಮ್ಯಾಲ ಬ್ಯಾನಿ ಹೋಗಿತ್ರೀ ಸಾಹೇಬ್ರ!"

"ಬ್ಯಾನಿ ಹೋಗ್ಯದ, ಕೀವು ಎಲ್ಲಿ ಹೋಗ್ತದ್ರಿ? ಇನ್ನೊಂದು ದಿನ ತಡ ಮಾಡಿದ್ರ ಉಸಿರೇ ಕಟ್ಟತಿತ್ತು."

ಸೂಜಿ ಚುಚ್ಚಿ ಕೀವು ತೆಗೆದರು. ಸೊಸೆ ಒಮ್ಮೆ ದೊಡ್ಡದಾಗಿ ಉಸಿರೆಳೆದುಕೊಂಡ ಸದ್ದು ಕೇಳುವವರೆಗೆ ನಾನು ಗೋಡೆ ಹಿಡಿದೇ ನಿಂತಿದ್ದೆ. ಮಗನನ್ನು ಅವಳ ಹತ್ತಿರ ಬಿಟ್ಟು ಸಂಜೆ ಬಸ್ಸಿಗೆ ಊರಿಗೆ ಬಂದೆ.

ಮರುದಿನ ಬೆಳಿಗ್ಗೆ ಕುಟ್ಟಲು ಬಂದ ನೆರೆಯವಳು ಕೆಮ್ಮಿ, "ಖಾರದ ಘಾಟ್ರಿ ಅತ್ತಿ" ಎಂದಳು.

"ಒನಕಿ ಇಡು ಮದ್ಲ. ಬಾಯಿ ತೆಗಿ ಬೇ" ಎಂದು ಅವಳ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದೆ.