ಅವ್ವ ತೊಳೆದ ಗಿಟಾರು

ಆಯುಧಪೂಜೆಯ ಬೆಳಿಗ್ಗೆ ಬೂದುಗುಂಬಳ ತರಲು ಪಾಂಡವಪುರದ ಪೇಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅವ್ವ ಸೈಕಲ್ಲು, ಕುಡುಗೋಲು, ಈಳಿಗೆಮಣೆಯ ಜೊತೆಗೆ ನನ್ನ ಬೇಸ್ ಗಿಟಾರನ್ನೂ ತೆಂಗಿನ ನಾರಿನಿಂದ ಉಜ್ಜಿ ತೊಳೆದು, ವಿಭೂತಿ ಬಳಿದು, ಬಿಸಿಲಿಗೆ ಒರಗಿಸಿದ್ದಳು.

"ಏನವ್ವಾ ಇಂಗ್ ಮಾಡ್ಬುಟ್ಟೆ?"

"ಎಲ್ಲಾನೂ ತೊಳ್ದೆ ಕಣ್ಲಾ. ಅದೊಂದೇನ್ ಪಾಪ ಮಾಡಿತ್ತು? ಅದೂ ನಿನ್ ಆಯುಧ ಅಲ್ವಾ?"

ಸಂಜೆಯೊಳಗೆ ಗಿಟಾರಿನ ಕತ್ತಿನ ಮೇಲಿನ ಮರದ ಪಟ್ಟಿ ಅಂಟು ಬಿಟ್ಟು ಮೇಲೆದ್ದಿತು. ನಾಲ್ಕು ದಪ್ಪ ತಂತಿಗಳ ಬಿಗಿತಕ್ಕೆ ಕತ್ತೇ ಬಿಲ್ಲಿನಂತೆ ಬಾಗಿತು. ಅವ್ವನ ಮಾತಿಗೆ ಕಣ್ಣು ತುಂಬಿತು ಎಂದು ಈಗ ಬರೆಯಬಹುದು. ತುಂಬಲಿಲ್ಲ. ಹಬ್ಬದೂಟ ಬಿಟ್ಟು, ಮುಖ ಊದಿಸಿಕೊಂಡು ಕೂತೆ.

ಅದು ಎಪ್ಪತ್ತರ ದಶಕ. ನಾವು ಐದು ಜನ ಸೇರಿ ಮದುವೆಮನೆಗಳಲ್ಲಿ ಸಿನಿಮಾ ಹಾಡು ನುಡಿಸುವ ಆರ್ಕೆಸ್ಟ್ರಾ ಕಟ್ಟಿದ್ದೆವು. ನನಗೆ ಹಾಡಲು ಬಾರದು, ಹಾರ್ಮೋನಿಯಂ ಬಾರದು. ಹಾಡಿನ ತಳದಲ್ಲಿ ತಗ್ಗು ದನಿಯಲ್ಲಿ ಮಿಡಿಯುವ ಆ ಬೇಸ್ ಹೋದರೆ ಗುಂಪಿನಲ್ಲಿ ನನಗೆ ಜಾಗವೇ ಇರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರಿದ್ದರು. ಗಿಟಾರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದೆ. ಅವರು ಅದನ್ನು ತಿರುಗಿಸಿ ನೋಡಿ, "ನಾಕೇ ತಂತಿಗೆ ಇಷ್ಟುದ್ದ ಯಾಕೆ ಸ್ವಾಮಿ?" ಎಂದರು.

"ರಿಪೇರಿ ಆಯ್ತದಾ?"

"ಅಂಟಾಕಿ ಬಿಗಿಯಬೌದು. ನಿಲ್ತದೆ ಅಂತ ಏಳಾಕಿಲ್ಲ. ನಿಲ್ಲಾಕಿಲ್ಲ ಅಂತಾನೂ ಏಳಾಕಿಲ್ಲ."

ಇಂಥ ಉತ್ತರ ಕೇಳಲು ಬಸ್ಸು ಹತ್ತಿ ಬರಬೇಕಿತ್ತೆ? ಗಿಟಾರನ್ನು ಮತ್ತೆ ಸುತ್ತಿಕೊಂಡು ಮನೆಗೆ ತಂದೆ. ನಮ್ಮ ಗುಂಪಿನ ಯಜಮಾನ, ಅಂದರೆ ಹಾಡುವವನು, ಎರಡೇ ಮಾತಿನಲ್ಲಿ ತೀರ್ಮಾನ ಮಾಡಿದ. "ಬುಡ್ಲಾ ಅತ್ಲಾಗೆ. ಅದು ಇದ್ರೂ ಗೊತ್ತಾಗಕಿಲ್ಲ, ಇಲ್ದಿದ್ರೂ ಗೊತ್ತಾಗಕಿಲ್ಲ."

ಕೆ.ಆರ್. ಪೇಟೆಯ ಒಂದು ಆರತಕ್ಷತೆಯಲ್ಲಿ ಬೇಸ್ ಇಲ್ಲದೆಯೇ ನುಡಿಸಿದೆವು. ನನ್ನ ಕೈಗೆ ಒಂದು ಜೊತೆ ಗಿಲಕಿ ಕೊಟ್ಟರು. ಮಗುವಿನ ತೊಟ್ಟಿಲ ಮುಂದೆ ಆಡಿಸುವಂತೆ ಅದನ್ನು ಆಡಿಸುತ್ತ ನಿಂತೆ. ಹಾಡಿನ ಕೆಳಗೆ ನೆಲವೇ ಇಲ್ಲದಂತೆ ನನಗೆ ಕೇಳಿಸುತ್ತಿತ್ತು. ಯಾರಾದರೂ ಬಂದು "ಇವತ್ತು ಏನೋ ಕಮ್ಮಿ ಆಯ್ತು" ಎನ್ನಲಿ ಎಂದು ಕಾದೆ. ಯಾರೋ ಒಬ್ಬರು ಹಾಗೆ ಅಂದರು ಎಂದು ಬರೆಯಲು ಈಗಲೂ ಕೈ ತುರಿಸುತ್ತದೆ. ಯಾರೂ ಅನ್ನಲಿಲ್ಲ. ಬದಲಿಗೆ ಹುಡುಗಿಯ ಸೋದರಮಾವ ಎಲೆಅಡಿಕೆ ಜಗಿಯುತ್ತ ಬಂದು ನನ್ನ ಭುಜ ತಟ್ಟಿದರು.

"ಓದ್ ಸಲ ಮಂಡ್ಯದ ಮದ್ವೇಲಿ ನೋಡಿದ್ದೆ, ಅದೇನೋ ದೊಣ್ಣೆ ಇಡ್ಕಂಡು ಸುಮ್ನೆ ನಿಂತಿದ್ರಿ. ಇವತ್ತು ನಿಮ್ದು ಚೆನ್ನಾಗ್ ಕೇಳುಸ್ತು ಕಣಪ್ಪಾ!"

ಯಜಮಾನ ಬಿದ್ದುಬಿದ್ದು ನಕ್ಕ. "ನೋಡ್ಲಾ, ಗಿಲಕಿನೇ ನಿಂಗೆ ಸರಿ. ಆ ದೊಣ್ಣೆ ಮಾರ್ಬುಡಾವ."

ಸಂಗೀತದ ಮೇಲಿನ ಪ್ರೀತಿಯಿಂದ ರಿಪೇರಿಗೆ ಕೊಟ್ಟೆ ಎಂದರೆ ಓದುವವರು ತಕ್ಷಣ ಒಪ್ಪುತ್ತಾರೆ. ಅದಕ್ಕೇ ಆ ಮಾತನ್ನು ನಾನು ನಂಬುವುದಿಲ್ಲ. ಆ ಸೋದರಮಾವನ ಮೇಲೆ, ಗಿಲಕಿಯ ಮೇಲೆ, ಕೇಳಿಯೂ ಕೇಳದ ಅಷ್ಟೂ ಕಿವಿಗಳ ಮೇಲೆ ಉರಿ ಹತ್ತಿತ್ತು. ಮರುದಿನ ಮೊದಲ ಬಸ್ಸಿಗೇ ಶ್ರೀರಂಗಪಟ್ಟಣಕ್ಕೆ ಹೋಗಿ ಗಿಟಾರನ್ನು ಆ ರಿಪೇರಿಯವರ ಮುಂದಿಟ್ಟೆ.

"ಅಂಟಾಕಿ."

"ನಿಲ್ದೆ ಓದ್ರೆ ನನ್ನ ಬಯ್ಯಂಗಿಲ್ಲ ಸ್ವಾಮಿ."

"ಬಯ್ತೀನಿ," ಎಂದೆ. "ಬೈದು, ಇನ್ನೊಂದ್ ಸಲ ತರ್ತೀನಿ."