ಗೇರ್‌ಬಾಕ್ಸಿನ ಹುಟ್ಟುಮಚ್ಚೆ

ಜೆನೀವಾ ಲಸಾನ್ ಯಾವ ಕಾರನ್ನೂ ಎದುರಿನಿಂದ ನೋಡುವುದಿಲ್ಲ. ಬಾಲ್ಟಿಮೋರಿನ ಡಂಡಾಕ್ ಬಡಾವಣೆಯಲ್ಲಿ ಇದು ಎಲ್ಲರಿಗೂ ಗೊತ್ತು. ಮಾಲೀಕ ಬಾನೆಟ್ ಎತ್ತಿ, ಮದುಮಗಳನ್ನು ತೋರಿಸುವವನ ಹಾಗೆ ಪಕ್ಕಕ್ಕೆ ಸರಿದು ನಿಂತಿರುತ್ತಾನೆ. ಆಕೆ ಅವನ ಕಡೆ ಒಮ್ಮೆ ತಲೆಯಾಡಿಸಿ, ನೆಲಕ್ಕೊಂದು ರಟ್ಟು ಹಾಸಿ, ಅಂಗಾತ ಮಲಗಿ ಕಾರಿನಡಿಗೆ ಜಾರಿಬಿಡುತ್ತಾಳೆ. ವಯಸ್ಸು ಎಪ್ಪತ್ತು ದಾಟಿದೆ.

"ಮೇಲಿನ ಬಣ್ಣಕ್ಕೆ ಸುಳ್ಳು ಹೇಳೋದು ಚೆನ್ನಾಗಿ ಬರುತ್ತೆ ಬಂಗಾರ. ತಳಕ್ಕೆ ಇನ್ನೂ ಯಾರೂ ಕಲಿಸಿಲ್ಲ" ಎನ್ನುವುದು ಆಕೆಯ ಮಾತು. ಪಾದ್ರಿಯಿಂದ ಹಿಡಿದು ಟಪಾಲಿನವನವರೆಗೆ ಆಕೆಗೆ ಎಲ್ಲರೂ ಬಂಗಾರವೇ.

ಬ್ರೋನಿಂಗ್ ಹೈವೇಯ ಕಾರು ಕಾರ್ಖಾನೆಯಲ್ಲಿ ಆಕೆ ದುಡಿದದ್ದು ಅದರ ಬಾಗಿಲು ಮುಚ್ಚುವವರೆಗೆ. ಈಗ ಆ ಜಾಗದಲ್ಲಿ ಗೋದಾಮುಗಳಿವೆ. ಆದರೆ ಅಲ್ಲಿ ಹುಟ್ಟಿದ ಕಾರುಗಳು ಊರಿನ ಗ್ಯಾರೇಜುಗಳಲ್ಲಿ ಇನ್ನೂ ಉಸಿರಾಡುತ್ತಿವೆ. ಅವುಗಳಲ್ಲಿ ಎಲ್ಲರ ಕಣ್ಣು ಅರವತ್ತರ ದಶಕದ ಶೆವೆಲ್ ಎಸ್‌ಎಸ್ ಮೇಲೆ: ಸಂಸಾರಸ್ಥರ ಕಾರಿನ ಮೈಯೊಳಗೆ ದೈತ್ಯ ಎಂಜಿನ್ ಕೂರಿಸಿದ ಗಾಡಿ. ಎಲ್ಲರ ಕಣ್ಣು ಬಿದ್ದಲ್ಲಿ ನಕಲೂ ಹುಟ್ಟುತ್ತದೆ. ಸಾದಾ ಶೆವೆಲ್ ತಂದು, ದೊಡ್ಡ ಎಂಜಿನ್ ಇಳಿಸಿ, ಎಸ್‌ಎಸ್ ಬಿಲ್ಲೆ ಅಂಟಿಸಿದರೆ ಮುಗಿಯಿತು. ಅಂಥದ್ದಕ್ಕೆ ಇಲ್ಲಿ ಕ್ಲೋನ್ ಎನ್ನುತ್ತಾರೆ. ಅರವತ್ತೊಂಬತ್ತರ ಮಾದರಿಯಲ್ಲಂತೂ ಡ್ಯಾಶ್‌ಬೋರ್ಡಿನಲ್ಲಿ ಕಾರ್ಖಾನೆ ಹಾಕಿದ ಕಾರಿನ ಸಂಖ್ಯೆ ಓದಿ ಯಾವುದು ಅಸಲಿ, ಯಾವುದು ವೇಷ ಎಂದು ಹೇಳುವಂತಿಲ್ಲ. ಅದಕ್ಕೇ ಜನ ಜೆನೀವಾಳನ್ನು ಕರೆಯುತ್ತಾರೆ. ಬದುಕಿರುವ ಕಾರಿಗೂ ಪೋಸ್ಟ್‌ಮಾರ್ಟಮ್ ಮಾಡುವವಳು ಎಂದು ಬೆನ್ನ ಹಿಂದೆ ನಗುತ್ತಾರೆ. ಆಕೆಗೆ ಅದೂ ಗೊತ್ತು. ಅದನ್ನು ಕೇಳಿದಾಗ ಕತ್ತು ಒಂದಿಷ್ಟು ಎತ್ತರವಾಗುತ್ತದೆ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ವೆಂಡೆಲ್ ಕಾಸ್ಮಿಕಿ ಫೋನ್ ಮಾಡಿದ. ಹಡಗುಕಟ್ಟೆಯಲ್ಲಿ ಲೋಹ ಕಡೆಯುವ ಯಂತ್ರದ ಮುಂದೆ ನಿಂತು ನಿವೃತ್ತನಾದವನು. ಅವನದು ಹಸಿರು ಬಣ್ಣದ ಅರವತ್ತೊಂಬತ್ತರ ಎಸ್‌ಎಸ್. ಎಪ್ಪತ್ತರ ದಶಕದಲ್ಲಿ ಒಬ್ಬ ನಾವಿಕನಿಂದ ಕೊಂಡದ್ದು. ಕಾರ್ಖಾನೆಯ ಹಳಬರು ವರ್ಷಕ್ಕೊಮ್ಮೆ ಯೂನಿಯನ್ ಸಭಾಂಗಣದ ಅಂಗಳದಲ್ಲಿ ಕಾರುಗಳನ್ನು ಸೇರಿಸುತ್ತಾರೆ. ಅಲ್ಲಿ ಮುಂದಿನ ಸಾಲು ಅಸಲಿಗಳಿಗೆ ಮೀಸಲು. ಹೋದ ವರ್ಷ ಆ ಸಾಲಿನ ಮೇಲ್ವಿಚಾರಕ ಆಲ್ವಿನ್ ಪ್ರೂಟ್ ವೆಂಡೆಲ್‌ನ ಬಾನೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ, ಎಲ್ಲರ ಎದುರೇ, "ಇದನ್ನ ಹಿಂದಕ್ಕೆ ತಗೊಂಡು ಹೋಗಪ್ಪ, ಇದು ಕ್ಲೋನು" ಎಂದಿದ್ದ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಸಲಿ ಎಂದು ಹೇಳಿಕೊಂಡು ಬಂದವನು ಒಂದೇ ಮಾತಿಗೆ ಊರಿನಲ್ಲಿ ಸುಳ್ಳುಗಾರನಾದ. ಅಂದಿನಿಂದ ವೆಂಡೆಲ್ ಆ ಅಂಗಳದ ಕಡೆ ತಲೆ ಹಾಕಿರಲಿಲ್ಲ.

ಜೆನೀವಾ ಬಂದಾಗ ಗ್ಯಾರೇಜಿನಲ್ಲಿ ವೆಂಡೆಲ್, ಅವನ ಹೆಂಡತಿ ಡೊಲೊರಸ್, ಡೊಲೊರಸ್‌ಳ ತಮ್ಮ ಸ್ಕಿಪ್ ಮೂವರೂ ಕಾದಿದ್ದರು. ಆಕೆ ರಟ್ಟು ಹಾಸಿದಳು. ಬಹಳ ಹೊತ್ತು ಕಾರಿನಡಿಯಿಂದ ಎರಡು ಬೂಟುಗಳು ಮಾತ್ರ ಕಾಣುತ್ತಿದ್ದವು.

"ವೆಂಡೆಲ್."

"ಹೂಂ."

"ನಿನ್ನ ಊಟದ ತಟ್ಟೆ ಇಷ್ಟು ಚೊಕ್ಕಟವಾಗಿ ಇರುತ್ತೇನೋ?"

"ಎಲ್ಲಾ ಬಿಚ್ಚಿ, ಉಜ್ಜಿ, ಬಣ್ಣ ಹೊಡೆದಿದೀನಿ. ಒಂದು ಬೋಲ್ಟೂ ಬಿಟ್ಟಿಲ್ಲ."

"ಕಾಣ್ತಾ ಇದೆ. ಕಳ್ಳ ಕೂಡ ಇಷ್ಟು ನೀಟಾಗಿ ಗುರುತು ಅಳಿಸಲ್ಲ."

ಡೊಲೊರಸ್ ಕಿಸಕ್ಕನೆ ನಕ್ಕಳು. ವೆಂಡೆಲ್ ನಗಲಿಲ್ಲ.

ಹೊರಗೆ ಬಂದು ಆಕೆ ಎಂಜಿನ್ನಿನ ಮುಂಭಾಗಕ್ಕೆ ಬಾಗಿದಳು. ಅಲ್ಲೊಂದು ಬೆರಳಗಲದ ಸಪಾಟು ಜಾಗವಿದೆ. ಕಾರ್ಖಾನೆಯಲ್ಲಿ ಕಾರಿನ ಸಂಖ್ಯೆಯ ಕೊನೆಯ ಭಾಗವನ್ನು ಒತ್ತುತ್ತಿದ್ದದ್ದು ಅಲ್ಲೇ. ಸಂಖ್ಯೆಯ ಕೆಳಗೆ, ಲೋಹ ಕೆತ್ತುವ ಯಂತ್ರ ಬಿಟ್ಟುಹೋದ ಕೂದಲೆಳೆಯಂಥ ಗೆರೆಗಳು ಉದ್ದಕ್ಕೆ ಓಡಿರುತ್ತವೆ. ಸಂಖ್ಯೆಯನ್ನು ಯಾರು ಬೇಕಾದರೂ ಒತ್ತಬಹುದು, ಆ ಗೆರೆಗಳನ್ನು ಹುಟ್ಟಿಸುವುದು ಕಷ್ಟ. ಇಲ್ಲಿ ಸಂಖ್ಯೆಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಕನ್ನಡಿಯಂಥ ಲೋಹ.

"ಇದನ್ನ ಯಾರು ತರಿದದ್ದು?"

"ನಾನೇ" ಎಂದ ವೆಂಡೆಲ್. "ಹೆಡ್ ಗ್ಯಾಸ್ಕೆಟ್ ಸೋರ್ತಾ ಇತ್ತು. ಎಂಜಿನ್ ಬ್ಲಾಕನ್ನ ಹಡಗುಕಟ್ಟೆಗೇ ಹೊತ್ತುಕೊಂಡು ಹೋಗಿ, ನನ್ನ ಯಂತ್ರದ ಮೇಲೇ ಕೂರಿಸಿ ನೆತ್ತಿ ಸಮ ಮಾಡಿದೆ, ನಂಬರೂ ಅದರ ಜೊತೆ ಹೋಯ್ತು. ಅಷ್ಟು ಸಮ ಕಾರ್ಖಾನೆಯವರ ಕೈಲೂ ಆಗಿರಲಿಲ್ಲ ಜೆನೀವಾ. ಆವಾಗ ಈ ನಂಬರು ಗಿಂಬರು ಯಾರು ನೋಡ್ತಿದ್ದರು?"

ಅದು ನಿಜ. ಒಳ್ಳೆಯ ಕೆಲಸಗಾರ ಮಾತ್ರ ಮಾಡಬಲ್ಲ ತಪ್ಪು ಅದು. ಸೋಮಾರಿಯಾಗಿದ್ದರೆ ಗ್ಯಾಸ್ಕೆಟ್ಟಿಗೆ ಒಂದಿಷ್ಟು ಅಂಟು ಬಳಿದು ಸುಮ್ಮನಾಗಿರುತ್ತಿದ್ದ, ಸಂಖ್ಯೆ ಉಳಿದಿರುತ್ತಿತ್ತು.

ಸ್ಕಿಪ್ ಗಂಟಲು ಸರಿಮಾಡಿಕೊಂಡ. "ಅಲ್ಲ ಭಾವ, ಒತ್ತೋ ಅಚ್ಚು ಸಿಗುತ್ತೆ. ನಿನ್ನ ಕೈಗೆ ಆ ಗೆರೆ ಎಳೆಯೋದು ಏನು ಮಹಾ? ಹೋಗಿದ್ದನ್ನ ವಾಪಸ್ ಬರೀತೀಯ, ಅಷ್ಟೇ."

"ನನ್ನ ಮುಂದೇನೇ ಹೇಳ್ತೀಯಲ್ಲೋ" ಎಂದಳು ಜೆನೀವಾ.

"ನಿನಗೆ ಗೊತ್ತಾಗೋ ಹಾಗೆ ಅವನು ಮಾಡಲ್ಲ."

ವೆಂಡೆಲ್ ತನ್ನ ಕೈಗಳನ್ನು ನೋಡಿಕೊಂಡ. ಆ ಕೈಗಳಿಗೆ ಅದು ಆಗುತ್ತದೆ ಎಂದು ಜೆನೀವಾಗೂ ಗೊತ್ತಿತ್ತು. ಇಂಥ ಕೈ ಮನಸ್ಸು ಮಾಡಿದರೆ ತನ್ನ ಕಣ್ಣೂ ಮೋಸಹೋಗಬಹುದು ಎಂದು ಆಕೆಗೆ ಅನಿಸಿದ್ದು ಅದೇ ಮೊದಲು.

"ಹಾಗೆ ಮಾಡಿದರೆ ಆಲ್ವಿನ್ ಹೇಳಿದ್ದು ನಿಜ ಆಗುತ್ತೆ" ಎಂದ ವೆಂಡೆಲ್, ಸ್ಕಿಪ್‌ನ ಕಡೆ ತಿರುಗದೆ. "ಮುಚ್ಕೊಂಡು ಕಾಫಿ ಕುಡಿ."

ಜೆನೀವಾ ಮತ್ತೆ ಕೆಳಗೆ ಜಾರಿದಳು. ಎಂಜಿನ್ ಮೂಕವಾದರೆ ಗೇರ್‌ಬಾಕ್ಸನ್ನು ಕೇಳಬೇಕು. ಅದರ ಪಕ್ಕದ ಮೇಲೂ ಕಾರಿನ ಸಂಖ್ಯೆ ಒತ್ತಿರುತ್ತಾರೆ. ಆಕೆ ಚಿಂದಿಯಿಂದ ಒರೆಸಿ ಓದಿದಳು. ಸಂಖ್ಯೆ ಬೇರೆ ಯಾವುದೋ ಕಾರಿನದು.

"ಈ ಗೇರ್‌ಬಾಕ್ಸು ಇದರದ್ದಲ್ಲ."

"ಅಲ್ಲ. ಮೊದಲಿದ್ದದ್ದು ಕೆಟ್ಟದಿತ್ತು, ಬದಲಾಯಿಸಿದೆ."

"ಕೆಟ್ಟದು ಅಂದರೆ? ಗೇರು ಜಾರ್ತಿತ್ತಾ?"

"ಜಾರ್ತಿರಲಿಲ್ಲ" ಎಂದು ಡೊಲೊರಸ್ ಬಾಯಿ ಹಾಕಿದಳು. "ಕೂಗ್ತಿತ್ತು ಕಣೇ! ಚರ್ಚಿಗೆ ಹೋದರೆ ಪ್ರಸಂಗ ನಿಲ್ಲಿಸಿ ಪಾದ್ರಿ ಕಿಟಕಿ ಕಡೆ ನೋಡ್ತಿದ್ದರು. ಜಲ್ಲಿಕಲ್ಲು ಬೀಸೋ ಹಾಗೆ ಕೊಯ್ಯೋ ಅಂತ. ಆ ಗಾಡೀಲಿ ಇನ್ನು ಕೂರಲ್ಲ ಅಂತ ಹಟ ಹಿಡಿದೆ. ಆಮೇಲೆ ಇವನು ಬದಲಾಯಿಸಿದ."

ಕಾರಿನಡಿಯ ಬೂಟುಗಳು ಅಲುಗಾಡುವುದು ನಿಂತಿತು. ಜೆನೀವಾ ನಿಧಾನವಾಗಿ ಹೊರಗೆ ಬಂದು ಎದ್ದು ಕೂತಳು.

"ಯಾವ ಗೇರಲ್ಲಿ ಕೂಗ್ತಿತ್ತು?"

"ಎಲ್ಲದರಲ್ಲೂ" ಎಂದ ವೆಂಡೆಲ್. "ನಾಲ್ಕರಲ್ಲಿ ಮಾತ್ರ ಸುಮ್ಮನಿರ್ತಿತ್ತು."

"ಅಯ್ಯೋ ಪುಣ್ಯಾತ್ಮ! ಅದು ಕೆಟ್ಟಿರಲಿಲ್ಲ ಕಣೋ, ಅದರ ದನಿಯೇ ಹಾಗೆ. ಆ ಗೇರುಗಳ ಹಲ್ಲು ಹೆಚ್ಚುಕಡಿಮೆ ನೇರ, ಅದಕ್ಕೇ ಕೂಗೋದು. ಈ ಕಾರಲ್ಲಿ ಆ ಡಬ್ಬಿ ಹಾಕ್ತಿದ್ದದ್ದು ಎಲ್ಲಕ್ಕಿಂತ ದೊಡ್ಡ ಎಂಜಿನ್ ಹಿಂದೆ ಮಾತ್ರ. ಸಾದಾ ಶೆವೆಲ್‌ಗೆ ದುಡ್ಡು ಸುರಿದರೂ ಹಾಕ್ತಿರಲಿಲ್ಲ." ಆಕೆ ಎದ್ದು ನಿಂತಳು. "ಎಲ್ಲಿದೆ ಅದು? ಗುಜರಿಗೆ ಹಾಕಿದೆ ಅಂದರೆ ಇಲ್ಲೇ ನಿನ್ನ ಕತ್ತು ಹಿಸುಕ್ತೀನಿ."

ವೆಂಡೆಲ್ ಸ್ಕಿಪ್‌ನ ಕಡೆ ನೋಡಿದ. ಸ್ಕಿಪ್ ಕಾಫಿಯ ಕಡೆ ನೋಡಿದ.

"ನನ್ನ ಏಡಿ ಶೆಡ್ಡಲ್ಲಿದೆ" ಎಂದ ಸ್ಕಿಪ್. "ಬಾಗಿಲು ಗಾಳಿಗೆ ಬಡ್ಕೊಳ್ತಿತ್ತು. ಅಡ್ಡ ಇಟ್ಟಿದೀನಿ."

ಬೇರ್ ಕ್ರೀಕಿನ ದಡದ ಆ ಶೆಡ್ಡಿಗೆ ನಾಲ್ವರೂ ಒಂದೇ ಟ್ರಕ್ಕಿನಲ್ಲಿ ಹೋದರು. ಏಡಿ ಹಿಡಿಯುವ ತಂತಿ ಬುಟ್ಟಿಗಳ ನಡುವೆ, ತೆರೆದ ಬಾಗಿಲಿಗೆ ಒರಗಿ, ದೋಣಿಯ ತಳಕ್ಕೆ ಬಳಿಯುವ ಕೆಂಪು ಬಣ್ಣ ಹೊದ್ದು ಗೇರ್‌ಬಾಕ್ಸ್ ಕೂತಿತ್ತು.

"ಬಣ್ಣ ಯಾಕೋ ಹೊಡೆದೆ?" ಎಂದು ವೆಂಡೆಲ್ ಗದರಿದ.

"ಮಿಕ್ಕಿತ್ತು. ಜೊತೆಗೆ, ಭಾವನ ಸಾಮಾನಲ್ವಾ, ಮರ್ಯಾದೆಯಾಗಿ ಇರಲಿ ಅಂತ."

"ಬೈಬೇಡ ಅವನನ್ನ" ಎಂದಳು ಜೆನೀವಾ. "ಉಪ್ಪುಗಾಳಿಗೆ ಅಲ್ಯೂಮಿನಿಯಂ ಉಳಿದಿದ್ದೇ ಈ ಬಣ್ಣದಿಂದ. ನಿನ್ನ ಕೈಗೆ ಸಿಕ್ಕಿದ್ದರೆ ಇದನ್ನೂ ಕನ್ನಡಿ ಮಾಡಿರ್ತಿದ್ದೆ."

ಆಕೆ ಯಾರ ಕೈಯಲ್ಲೂ ಮುಟ್ಟಿಸಲಿಲ್ಲ. ಚಾಕು ಬೇಡ, ಉಜ್ಜುವ ಬ್ರಷ್ ಬೇಡ ಎಂದಳು. ಬಣ್ಣ ಕರಗಿಸುವ ದ್ರಾವಣ ಸವರಿ, ಕಾದು, ಬಟ್ಟೆಯಿಂದ ಒತ್ತಿ ತೆಗೆದಳು, ಮತ್ತೆ ಸವರಿದಳು. ಕೆಂಪು ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಬಿಟ್ಟುಬಂತು. ಮೊದಲು ತಯಾರಿಕೆಯ ಗುರುತು ಕಂಡಿತು. ಅದರ ಕೊನೆಯಲ್ಲಿ ಒಂದು ಸಿ ಅಕ್ಷರ.

"ಸಿ ಅಂದರೆ ಕೂಗೋ ಡಬ್ಬಿ" ಎಂದಳು. "ಇದು ಏನು ಅನ್ನೋದು ಗೊತ್ತಾಯ್ತು. ಯಾರ ಮಗು ಅನ್ನೋದು ಬಾಕಿ."

ಇನ್ನೊಂದು ಕಡೆ ಸಂಖ್ಯೆ ಎದ್ದಿತು. ಕೊನೆಯ ಅಂಕಿ ಒಂದಿಷ್ಟು ಕೆಳಗೆ ಜಾರಿತ್ತು, ಊಟದ ಗಂಟೆಗೆ ಕಾಯುತ್ತಿದ್ದ ಕೈ ಒತ್ತಿದ ಹಾಗೆ. ಆಕೆ ಜೋರಾಗಿ ಓದಿದಳು. ಹೆಂಡತಿಯ ಹುಟ್ಟಿದ ದಿನ ಮರೆತರೂ ತನ್ನ ಕಾರಿನ ಸಂಖ್ಯೆ ಮರೆಯದ ವೆಂಡೆಲ್ ಪ್ರತಿ ಅಂಕಿಗೂ ತುಟಿ ಅಲುಗಿಸಿದ. ಕೊನೆಯದಕ್ಕೆ ಅವನ ತುಟಿ ನಿಂತುಹೋಯಿತು. ಡೊಲೊರಸ್ ಅವನ ತೋಳು ಹಿಡಿದಳು.

ಜೆನೀವಾ ಅಲ್ಲಿಗೇ ಬಿಡಲಿಲ್ಲ. ಪಕ್ಕದ ಮುಚ್ಚಳ ಬಿಚ್ಚಿಸಿ, ಒಳಗಿನ ಹಲ್ಲುಗಳ ಓರೆಯನ್ನು ಬೆರಳಿನಿಂದ ಸವರಿ ನೋಡಿದಳು. ಗ್ಯಾರೇಜಿಗೆ ಹಿಂತಿರುಗಿ, ಹಿಂದಿನ ಚಕ್ರದ ಬಳಿ ಚೌಕಟ್ಟಿನ ಕಂಬಿಯ ನೆತ್ತಿಯ ಮೇಲೆ, ಯಾರ ಕೈಯೂ ಸುಲಭಕ್ಕೆ ಮುಟ್ಟದ ಜಾಗದಲ್ಲಿ ಒತ್ತಿದ್ದ ಸಂಖ್ಯೆಯನ್ನು ಪುಟ್ಟ ಕನ್ನಡಿ ಹಿಡಿದು ಓದಿದಳು. ವೆಂಡೆಲ್‌ನ ಬಣ್ಣ ಅಲ್ಲಿಗೂ ಮುಟ್ಟಿತ್ತು, ಆದರೆ ಅಂಕಿಗಳ ಗುಳಿ ತುಂಬಿರಲಿಲ್ಲ. ಅದೇ ಸಂಖ್ಯೆ. ಆಮೇಲೆ ಕೈ ಒರೆಸಿಕೊಂಡು, ಮನೆಯವರ ಎದುರು ನೆಟ್ಟಗೆ ನಿಂತು ತೀರ್ಪು ಹೇಳಿದಳು.

"ಈ ಕಾರು ದೊಡ್ಡ ಎಂಜಿನ್ನಿನ ಎಸ್‌ಎಸ್ ಆಗಿಯೇ ಬ್ರೋನಿಂಗ್ ಹೈವೇಯಲ್ಲಿ ಹುಟ್ಟಿದೆ. ಕ್ಲೋನ್ ಅಲ್ಲ. ಈಗ ಕೂತಿರೋ ಎಂಜಿನ್ ಅವತ್ತಿನದೇನಾ ಅಂತ ನಾನು ಹೇಳಲ್ಲ, ಯಾಕೆಂದರೆ ಅದರ ನಂಬರನ್ನ ನಾನು ಕಂಡಿಲ್ಲ."

"ಅದು ಅದರದ್ದೇ ಎಂಜಿನ್ ಜೆನೀವಾ. ದೇವರಾಣೆ."

"ನಿನ್ನ ಮಾತು ನಂಬ್ತೀನಿ ಬಂಗಾರ. ಆದರೆ ನಂಬಿದ್ದನ್ನ ನಾನು ಬರೆಯಲ್ಲ, ಕಂಡಿದ್ದನ್ನ ಮಾತ್ರ ಬರೀತೀನಿ. ಮಿಕ್ಕಿದ್ದು ನೀನೇ ಬರಿ."

ಅವನು ಒಂದು ಗಳಿಗೆ ಮುಖ ಬಿಗಿದುಕೊಂಡು ನಿಂತ. ಆಮೇಲೆ ತಲೆಯಾಡಿಸಿದ. ಹಳೆಯ ಗೇರ್‌ಬಾಕ್ಸನ್ನು ಮುಂದಿನ ವಾರಗಳಲ್ಲಿ ಅವನೇ ಬಿಚ್ಚಿ, ಬೇರಿಂಗ್ ಬದಲಾಯಿಸಿ, ಕೂರಿಸಿದ. ಹೊರಮೈಯನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಲ್ಲಿ ಕೆಂಪು ಕಲೆ ಉಳಿದೇ ಇತ್ತು.

ಅಕ್ಟೋಬರಿನಲ್ಲಿ ಯೂನಿಯನ್ ಸಭಾಂಗಣದ ಅಂಗಳ ತುಂಬಿತ್ತು. ಗ್ರಿಲ್ಲಿನ ಮೇಲಿಂದ ಗೋಮಾಂಸದ ಹೊಗೆ ಏಳುತ್ತಿತ್ತು. ತಿರುವಿನಾಚೆಯಿಂದ ಆ ಕೂಗು ಕೇಳಿದಾಗ ಹಳಬರು ಮಾತು ನಿಲ್ಲಿಸಿದರು. ಆ ದನಿಯನ್ನು ಅವರಿಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ. ಹಸಿರು ಶೆವೆಲ್ ಒಳಗೆ ಬಂತು. ಗಾಜಿನ ಮೇಲೆ ವೆಂಡೆಲ್‌ನ ದುಂಡನೆಯ ಅಕ್ಷರದ ರಟ್ಟು: ಗೇರ್‌ಬಾಕ್ಸ್ ಹುಟ್ಟಿದಾಗಿನದು, ಜೆನೀವಾ ಲಸಾನ್ ಕಂಡದ್ದು. ಎಂಜಿನ್ನಿನ ಸಂಖ್ಯೆ ತರಿದುಹಾಕಿದ್ದು ನಾನು, ವೆಂಡೆಲ್ ಕಾಸ್ಮಿಕಿ.

ಆಲ್ವಿನ್ ಪ್ರೂಟ್ ರಟ್ಟನ್ನು ಓದಿದ. ಮತ್ತೊಮ್ಮೆ ಓದಿದ. ಜೆನೀವಾಳ ಕಡೆ ತಿರುಗಿದ.

"ನೀನು ಕಣ್ಣಾರೆ ಕಂಡೆಯಾ?"

"ಬೆರಳಿಟ್ಟು ಕಂಡೆ."

"ಹೋದ ವರ್ಷ ನಾನು ನೋಡಿದಾಗ ಎಂಜಿನ್ ಮೇಲೆ ಯಾವ ನಂಬರೂ ಇರಲಿಲ್ಲ."

"ಇರಲಿಲ್ಲ. ನಂಬರು ಇಲ್ಲ ಅಂದಿದ್ದರೆ ಸರಿಯಿತ್ತು. ನೀನು ಕ್ಲೋನ್ ಅಂದೆ."

ಆಲ್ವಿನ್ ಕೆನ್ನೆ ಕೆರೆದುಕೊಂಡ. ಮುಂದಿನ ಸಾಲಿನ ಮೊದಲ ಜಾಗದಲ್ಲಿ ಅವನದೇ ಮಡಚುವ ಕುರ್ಚಿ ಇತ್ತು, ಅವನ ಕಾರಿಗೆಂದು ಹಿಡಿದದ್ದು. ಈ ಊರಿನಲ್ಲಿ ಕುರ್ಚಿ ಇಟ್ಟ ಜಾಗವನ್ನು ಪೊಲೀಸಿನವನೂ ಮುಟ್ಟುವುದಿಲ್ಲ, ಕಾರು ನಿಲ್ಲಿಸಲು ಹಿಮ ತೋಡಿ ಬಿಡಿಸಿಕೊಂಡ ಜಾಗವನ್ನಂತೂ ಸ್ವಂತ ಅಣ್ಣನೂ ಮುಟ್ಟುವುದಿಲ್ಲ. ಆಲ್ವಿನ್ ನಡೆದು ಹೋಗಿ ಕುರ್ಚಿಯನ್ನು ಮಡಚಿ, ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಿಂದ ವೆಂಡೆಲ್‌ಗೆ ಬಾ ಎಂದು ಸನ್ನೆ ಮಾಡಿದ.